ಅಮೆರಿಕದ ರೆಸಿಡೆನ್ಸಿ ಸೀಟು: ಕಾಲೇಜಿನ ಹೆಸರು ಎಷ್ಟು, ಪರೀಕ್ಷೆಯ ಅಂಕ ಎಷ್ಟು?

ಅಮೆರಿಕದಲ್ಲಿ ಡಾಕ್ಟರಿಕೆ ಓದುತ್ತಿರುವವರು, ಎಂಬಿಬಿಎಸ್ ಮುಗಿಸಿ ಅಲ್ಲಿಗೆ ಹೋಗಬೇಕೆಂದಿರುವ ನಮ್ಮ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದಿದರೆ ರೆಸಿಡೆನ್ಸಿ, ಅಂದರೆ ಡಾಕ್ಟರಿಕೆ ಓದಿದ ಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿ, ಸುಲಭವಾಗಿ ಸಿಗುತ್ತದಾ? ಅಥವಾ ಕಾಲೇಜು ಯಾವುದೇ ಇರಲಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಸಾಕಾ?

ಉತ್ತರ ಹೇಳುವವರಲ್ಲೂ ಎರಡು ಪಂಗಡ. ಒಬ್ಬರು ಹೆಸರೇ ಎಲ್ಲ ಎನ್ನುತ್ತಾರೆ. ಇನ್ನೊಬ್ಬರು ಅಂಕವೇ ಎಲ್ಲ ಎನ್ನುತ್ತಾರೆ. ಇಬ್ಬರು ಹೇಳುವುದರಲ್ಲೂ ಅರ್ಧ ನಿಜವಿದೆ. ಯಾಕೆಂದರೆ ಅಲ್ಲಿ ಸೀಟು ಒಂದೇ ಏಟಿಗೆ ತೀರ್ಮಾನವಾಗುವುದಿಲ್ಲ. ಮೊದಲು ಸಾವಿರಾರು ಅರ್ಜಿಗಳಲ್ಲಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಎಂಬ ತೀರ್ಮಾನ. ಆಮೇಲೆ ಬಂದವರಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ತೀರ್ಮಾನ. ಕೊನೆಗೆ ಆಸ್ಪತ್ರೆ ಮತ್ತು ಅಭ್ಯರ್ಥಿ, ಎರಡೂ ಕಡೆಯ ಆದ್ಯತಾ ಪಟ್ಟಿ ಕಂಪ್ಯೂಟರ್‌ಗೆ ಹೋಗುತ್ತದೆ. ಈ ಮೂರು ಕಡೆಯೂ ಅಂಕಕ್ಕೆ ಮತ್ತು ಹೆಸರಿಗೆ ಸಿಗುವ ಬೆಲೆ ಬೇರೆ ಬೇರೆ. ಇದನ್ನು ಬಿಡಿಸಿ ನೋಡದೆ ‘ಯಾವುದು ಮುಖ್ಯ’ ಎಂದು ವಾದ ಮಾಡಿದರೆ ವಾದ ಮುಗಿಯುವುದೇ ಇಲ್ಲ.

ನಮ್ಮಲ್ಲಿ ನೀಟ್ ಪಿಜಿ ರ‍್ಯಾಂಕ್ ಬಂತು ಅಂದರೆ ಕೌನ್ಸೆಲಿಂಗ್‌ನಲ್ಲಿ ಅದರ ಪ್ರಕಾರವೇ ಸೀಟು. ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲ. ಅಮೆರಿಕದಲ್ಲಿ ಅಂಥ ಒಂದು ಮೆರಿಟ್ ಪಟ್ಟಿಯೇ ಇಲ್ಲ. ಒಂದು ಆಸ್ಪತ್ರೆಯಲ್ಲಿ ಒಂದು ವಿಷಯಕ್ಕೆ ಇರುವ ತರಬೇತಿಯನ್ನು ಪ್ರೋಗ್ರಾಂ ಎನ್ನುತ್ತಾರೆ. ತನಗೆ ಯಾರು ಬೇಕೆಂದು ಪ್ರತಿ ಪ್ರೋಗ್ರಾಂ ತಾನೇ ಆರಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಅರ್ಜಿ, ಅಕ್ಟೋಬರ್‌ನಿಂದ ಜನವರಿಯವರೆಗೆ ಸಂದರ್ಶನ, ಮಾರ್ಚ್ ಶುರುವಿನಲ್ಲಿ ಆದ್ಯತಾ ಪಟ್ಟಿ. ಮಾರ್ಚ್ ಮೂರನೇ ವಾರದ ಸೋಮವಾರ ಸೀಟು ಸಿಕ್ಕಿತೋ ಇಲ್ಲವೋ ಎಂಬುದು ತಿಳಿಯುತ್ತದೆ. ಎಲ್ಲಿ ಸಿಕ್ಕಿತು ಎಂಬುದು ಶುಕ್ರವಾರ ತಿಳಿಯುತ್ತದೆ. ಜುಲೈ 1ರ ಹೊತ್ತಿಗೆ ಕೆಲಸ ಶುರು. ಇದನ್ನೆಲ್ಲ ನಡೆಸುವ ಸಂಸ್ಥೆ ಎನ್‌ಆರ್‌ಎಂಪಿ, 1952ರಿಂದ ಈ ಕೆಲಸ ಮಾಡುತ್ತಿದೆ. ಜನ ಇದನ್ನು ‘ಮ್ಯಾಚ್’ ಎಂದೇ ಕರೆಯುತ್ತಾರೆ. ಯುರಾಲಜಿ ಮತ್ತು ಕಣ್ಣಿನ ವಿಭಾಗಕ್ಕೆ ಮಾತ್ರ ಬೇರೆ ಮ್ಯಾಚ್ ಇದೆ. ಅದನ್ನು ಇಲ್ಲಿ ಬಿಟ್ಟುಬಿಡೋಣ.

ಅಂಕ ಎಲ್ಲಿ ಕೆಲಸ ಮಾಡುತ್ತದೆ

ಯುಎಸ್‌ಎಂಎಲ್‌ಇ ಎಂಬ ಪರೀಕ್ಷೆಗೆ ಮೂರು ಮೆಟ್ಟಿಲು. ಸ್ಟೆಪ್ 1ರಲ್ಲಿ ಅನಾಟಮಿ, ಫಿಸಿಯಾಲಜಿ, ಪೆಥಾಲಜಿಯಂಥ ಮೂಲ ವಿಷಯಗಳು. ಸ್ಟೆಪ್ 2 ಸಿಕೆಯಲ್ಲಿ ರೋಗಿಯ ಮುಂದೆ ಕೂತಾಗ ಬೇಕಾಗುವ ತಿಳಿವಳಿಕೆ. ಸ್ಟೆಪ್ 3ನ್ನು ಹೆಚ್ಚಿನವರು ರೆಸಿಡೆನ್ಸಿ ಸೇರಿದ ಮೇಲೆ ಬರೆಯುತ್ತಾರೆ. ಈ ಪರೀಕ್ಷೆ ಹುಟ್ಟಿದ್ದು ಲೈಸೆನ್ಸ್‌ಗಾಗಿ. ಅಂದರೆ ಈ ಡಾಕ್ಟರ್ ಕೈಗೆ ರೋಗಿಯನ್ನು ಒಪ್ಪಿಸಬಹುದೋ ಇಲ್ಲವೋ ಎಂದು ನೋಡುವುದಕ್ಕೆ. ಇಬ್ಬರು ಪಾಸಾದವರಲ್ಲಿ ಯಾರು ಜಾಣರು ಎಂದು ಅಳೆಯಲು ಇದನ್ನು ಮಾಡಿದ್ದಲ್ಲ. ಬಳಕೆಯಾಗಿದ್ದು ಮಾತ್ರ ಅದಕ್ಕೇ.

ಯಾಕೆ ಹಾಗಾಯಿತು ಎಂಬುದನ್ನು ಒಂದು ಪ್ರೋಗ್ರಾಂ ಆಫೀಸಿನೊಳಗೆ ನಿಂತು ನೋಡಿದರೆ ಅರ್ಥವಾಗುತ್ತದೆ. ಒಂದು ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಂ ಇದೆ, 20 ಸೀಟು ಇದೆ ಎಂದಿಟ್ಟುಕೊಳ್ಳೋಣ. ಸೆಪ್ಟೆಂಬರ್ ಕೊನೆಯಲ್ಲಿ ಅರ್ಜಿಗಳು ತೆರೆದುಕೊಂಡ ದಿನ ಮೂರು ಸಾವಿರ ಅರ್ಜಿ ಬಂದು ಬಿದ್ದಿವೆ. ಒಂದು ಸೀಟಿಗೆ ಹನ್ನೆರಡು ಮಂದಿಯಂತೆ 240 ಜನರನ್ನು ಕರೆಯಬೇಕು. ಒಂದು ಅರ್ಜಿ ಅಂದರೆ ಅಂಕಪಟ್ಟಿ, ಮೂರು ನಾಲ್ಕು ಶಿಫಾರಸು ಪತ್ರ, ಡೀನ್ ಬರೆದ ಉದ್ದನೆಯ ವರದಿ, ವಿದ್ಯಾರ್ಥಿಯೇ ಬರೆದ ಒಂದು ಪುಟ. ಸರಿಯಾಗಿ ಓದಲು ಒಂದಕ್ಕೆ ಹದಿನೈದು ನಿಮಿಷ ಅಂದರೂ ಮೂರು ಸಾವಿರಕ್ಕೆ 750 ಗಂಟೆ. ಓದಬೇಕಾದವರೋ ದಿನವಿಡೀ ವಾರ್ಡಿನಲ್ಲಿ ರೋಗಿಗಳನ್ನು ನೋಡುವ ಡಾಕ್ಟರುಗಳು. ಆಗದ ಮಾತು.

ಆಗ ಬರುವುದೇ ಜರಡಿ. ಅರ್ಜಿಗಳು ಬರುವ ಇರಾಸ್ ಎಂಬ ವ್ಯವಸ್ಥೆಯಲ್ಲಿ ಫಿಲ್ಟರ್‌ಗಳಿವೆ. ಸ್ಟೆಪ್ 2 ಸಿಕೆ ಅಂಕ ಇಷ್ಟಕ್ಕಿಂತ ಮೇಲಿರಬೇಕು, ಯಾವ ಪರೀಕ್ಷೆಯಲ್ಲೂ ಫೇಲಾಗಿರಬಾರದು, ಓದು ಮುಗಿಸಿ ಇಷ್ಟು ವರ್ಷಕ್ಕಿಂತ ಜಾಸ್ತಿ ಆಗಿರಬಾರದು, ವೀಸಾ ಬೇಕೋ ಬೇಡವೋ ಎಂದೆಲ್ಲ ಹಾಕಿದರೆ ಮೂರು ಸಾವಿರ ಇದ್ದದ್ದು ಎಂಟುನೂರಕ್ಕೆ ಇಳಿಯುತ್ತದೆ. ಉಳಿದ ಎರಡು ಸಾವಿರದ ಇನ್ನೂರು ಅರ್ಜಿಗಳನ್ನು ಯಾರೂ ತೆರೆದೂ ನೋಡುವುದಿಲ್ಲ. ಆ ಅರ್ಜಿಗಳಲ್ಲಿ ಎಷ್ಟು ಒಳ್ಳೆಯ ಶಿಫಾರಸು ಪತ್ರ ಇದ್ದರೂ, ಎಷ್ಟು ಸಂಶೋಧನೆ ಮಾಡಿದ್ದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಕದ ನಿಜವಾದ ಶಕ್ತಿ ಇರುವುದು ಇಲ್ಲಿ. ಅದು ಸೀಟು ಕೊಡಿಸುವುದಕ್ಕಿಂತ ಜಾಸ್ತಿ, ಅರ್ಜಿಯನ್ನು ಯಾರಾದರೂ ಓದುವಂತೆ ಮಾಡುತ್ತದೆ.

ಎಲ್ಲ ಪ್ರೋಗ್ರಾಂಗಳೂ ಹೀಗೇ ಮಾಡುತ್ತವೆ ಎಂದಲ್ಲ. ಒಂದೊಂದು ಅರ್ಜಿಯನ್ನೂ ಕೂತು ಓದುವ ಕಡೆಗಳೂ ಇವೆ. ಆದರೆ ಅರ್ಜಿ ಹಾಕುವವರಿಗೆ ಎಲ್ಲಿ ಹೇಗೆ ಎಂದು ಹೊರಗಿನಿಂದ ತಿಳಿಯುವುದು ಕಷ್ಟ.

ಪ್ರೋಗ್ರಾಂಗಳಿಗೆ ಅಂಕದ ಮೇಲೆ ಇನ್ನೊಂದು ಕಾರಣಕ್ಕೂ ಆಸೆ. ರೆಸಿಡೆನ್ಸಿ ಮುಗಿದ ಮೇಲೆ ಅವರ ಡಾಕ್ಟರುಗಳು ತಜ್ಞರೆಂದು ಮನ್ನಣೆ ಪಡೆಯಲು ಬೋರ್ಡ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಎಷ್ಟು ಜನ ಪಾಸಾದರು ಎಂಬುದನ್ನು ಪ್ರೋಗ್ರಾಂಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ನೋಡುತ್ತದೆ. ತುಂಬಾ ಜನ ಫೇಲಾದರೆ ಪ್ರೋಗ್ರಾಂಗೇ ತೊಂದರೆ. ಒಂದು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದವರು ಇನ್ನೊಂದರಲ್ಲೂ ಪಾಸಾಗುತ್ತಾರೆ ಎಂಬ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಈ ಅಂಕಕ್ಕೆ ಇರುವ ಮಿತಿಯನ್ನೂ ತಿಳಿದಿರಬೇಕು. 2025ರ ಜುಲೈನಿಂದ ಸ್ಟೆಪ್ 2 ಸಿಕೆ ಪಾಸಾಗಲು 218 ಬೇಕು. ಅಮೆರಿಕದ ಕಾಲೇಜುಗಳಿಂದ ಮೊದಲ ಸಲ ಬರೆಯುವವರ ಸರಾಸರಿ 250ರ ಆಸುಪಾಸು. ಒಬ್ಬನೇ ವಿದ್ಯಾರ್ಥಿ ಅದೇ ತಯಾರಿಯಲ್ಲಿ ಬೇರೆ ಪ್ರಶ್ನೆಪತ್ರಿಕೆ ಬರೆದಿದ್ದರೆ ಆರೇಳು ಅಂಕ ಆಚೀಚೆ ಆಗುವುದು ಸಹಜ. ಅಂದರೆ 248 ಬಂದವಳಿಗೂ 252 ಬಂದವನಿಗೂ ತಿಳಿವಳಿಕೆಯಲ್ಲಿ ಏನೂ ವ್ಯತ್ಯಾಸ ಇಲ್ಲದಿರಬಹುದು. ಫಿಲ್ಟರನ್ನು 250ಕ್ಕೆ ಹಾಕಿದರೆ ಮಾತ್ರ ಅವನು ಒಳಗೆ, ಅವಳು ಹೊರಗೆ. ಇದು ನ್ಯಾಯವಲ್ಲ ಎಂದು ನನಗೆ ಖಂಡಿತ ಅನಿಸುತ್ತದೆ. ಜೊತೆಗೆ ಒಮ್ಮೆ ಪಾಸಾದ ಸ್ಟೆಪ್ ಅನ್ನು ಅಂಕ ಏರಿಸಿಕೊಳ್ಳಲು ಮತ್ತೆ ಬರೆಯುವಂತಿಲ್ಲ. ಬಂದದ್ದು ಬಂದ ಹಾಗೆ ಇರುತ್ತದೆ.

ಎಷ್ಟು ಅಂಕ ಬೇಕು ಎಂಬುದು ವಿಷಯದ ಮೇಲೆ ನಿಂತಿದೆ. ಚರ್ಮರೋಗ, ಮೂಳೆ ಶಸ್ತ್ರಚಿಕಿತ್ಸೆ, ನ್ಯೂರೋಸರ್ಜರಿ, ಇಎನ್‌ಟಿ, ಪ್ಲಾಸ್ಟಿಕ್ ಸರ್ಜರಿಗಳಲ್ಲಿ ಸೀಟು ಕಡಿಮೆ, ಬೇಕೆನ್ನುವವರು ಜಾಸ್ತಿ. ಚರ್ಮರೋಗ, ಮೂಳೆ ವಿಭಾಗಗಳಲ್ಲಿ ಸೀಟು ಪಡೆದವರ ಸರಾಸರಿ 255 ದಾಟುತ್ತದೆ. ಫ್ಯಾಮಿಲಿ ಮೆಡಿಸಿನ್‌ನಲ್ಲಿ ಅದು 240ರ ಆಸುಪಾಸಿನಲ್ಲಿರುತ್ತದೆ. ‘ಒಳ್ಳೆಯ ಅಂಕ’ ಎಂದರೆ ಎಷ್ಟು ಎಂದು ಕೇಳುವ ಮೊದಲು ಯಾವ ವಿಷಯಕ್ಕೆ ಎಂದು ಹೇಳಲೇಬೇಕು.

ಹೆಸರು ಎಲ್ಲಿ ಕೆಲಸ ಮಾಡುತ್ತದೆ

ಹಾರ್ವರ್ಡ್, ಜಾನ್ಸ್ ಹಾಪ್ಕಿನ್ಸ್, ಸ್ಟಾನ್‌ಫರ್ಡ್ ಹೆಸರು ಅರ್ಜಿಯ ಮೇಲಿದ್ದರೆ ಓದುವವರ ಕಣ್ಣು ಒಂದು ಕ್ಷಣ ನಿಲ್ಲುತ್ತದೆ, ನಿಜ. ಆದರೆ ಬರೀ ಹೆಸರಿನ ಹೊಳಪಿನಿಂದ ಆಗುವ ಲಾಭ ಜನ ತಿಳಿದಷ್ಟು ದೊಡ್ಡದಲ್ಲ. ಪ್ರೋಗ್ರಾಂ ಡೈರೆಕ್ಟರ್‌ಗಳನ್ನು ಎನ್‌ಆರ್‌ಎಂಪಿ ಆಗಾಗ ಕೇಳುತ್ತದೆ, ಸಂದರ್ಶನಕ್ಕೆ ಕರೆಯುವಾಗ ಏನೇನು ನೋಡುತ್ತೀರಿ ಎಂದು. ಸ್ಟೆಪ್ 1ಕ್ಕೆ ಅಂಕ ಇದ್ದ ಕಾಲದ 2018ರ ಸಮೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಂದಿ ಆ ಅಂಕವನ್ನು ಹೇಳಿದ್ದರು. ಶಿಫಾರಸು ಪತ್ರ, ಡೀನ್ ವರದಿಗಳನ್ನೂ ಬಹಳ ಮಂದಿ ಹೇಳಿದ್ದರು. ‘ಹೆಸರಾಂತ ಅಮೆರಿಕನ್ ಕಾಲೇಜು’ ಎಂಬುದನ್ನು ಹೇಳಿದವರೂ ಇದ್ದರು, ಆದರೆ ಅವರ ಸಂಖ್ಯೆ ಇವುಗಳಿಗಿಂತ ಕಡಿಮೆ.

ಹಾಗಾದರೆ ದೊಡ್ಡ ಕಾಲೇಜಿನವರಿಗೆ ದೊಡ್ಡ ಕಡೆ ಸೀಟು ಸಿಗುವುದು ಹೇಗೆ? ಹೆಸರಿನ ಹಿಂದೆ ಇರುವ ಬೇರೆ ಬೇರೆ ಸಂಗತಿಗಳಿಂದ.

ಮೊದಲನೆಯದು, ಆ ಕಾಲೇಜಿಗೆ ಸೇರಿದವರೇ ಪರೀಕ್ಷೆ ಬರೆಯುವುದರಲ್ಲಿ ಪಳಗಿದವರು. ವೈದ್ಯಕೀಯ ಕಾಲೇಜು ಸೇರಲು ಅಲ್ಲಿ ಎಂಕ್ಯಾಟ್ ಬರೆಯಬೇಕು. ಅದರ ಗರಿಷ್ಠ ಅಂಕ 528. ಹೆಸರಾಂತ ಕಾಲೇಜುಗಳಲ್ಲಿ ಸೇರುವವರ ಸರಾಸರಿ 520ರ ಹತ್ತಿರ ಅಥವಾ ಅದಕ್ಕೂ ಮೇಲೆ. ಇಂಥವರು ಎಲ್ಲಿ ಓದಿದ್ದರೂ ಸ್ಟೆಪ್ 2ರಲ್ಲಿ ಚೆನ್ನಾಗಿಯೇ ಮಾಡುತ್ತಿದ್ದರು. ಆ ಫಲವನ್ನೆಲ್ಲ ಕಾಲೇಜಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಎರಡನೆಯದು ಇನ್ನೂ ಮುಖ್ಯ, ಜನ ಇದನ್ನು ಜಾಸ್ತಿ ಮಾತಾಡುವುದೂ ಇಲ್ಲ. ದೊಡ್ಡ ಕಾಲೇಜಿಗೆ ಅದರದ್ದೇ ಅಥವಾ ಅದರ ಜೊತೆ ಸೇರಿಕೊಂಡ ದೊಡ್ಡ ಆಸ್ಪತ್ರೆ ಇರುತ್ತದೆ, ಆ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಎಲ್ಲ ವಿಷಯಗಳ ರೆಸಿಡೆನ್ಸಿ ಇರುತ್ತದೆ. ನ್ಯೂರೋಸರ್ಜರಿ ಬೇಕೆನ್ನುವ ಹುಡುಗಿ ಮೊದಲ ವರ್ಷದಿಂದಲೇ ಆ ವಿಭಾಗದಲ್ಲಿ ಓಡಾಡಬಹುದು. ಅಲ್ಲಿನ ಪ್ರೊಫೆಸರ್ ಜೊತೆ ಸಂಶೋಧನೆ ಮಾಡಬಹುದು. ಆ ಪ್ರೊಫೆಸರ್ ಬೇರೆ ಊರಿನ ಪ್ರೋಗ್ರಾಂ ಡೈರೆಕ್ಟರ್‌ಗಳಿಗೆ ವರ್ಷಗಳಿಂದ ಗೊತ್ತಿರುವವರು. ‘ಈ ಹುಡುಗಿಯನ್ನು ನಾನೇ ನೋಡಿದ್ದೇನೆ, ಕೈ ಬಿಡಬೇಡಿ’ ಎಂದು ಅವರು ಬರೆದರೆ ಆ ಮಾತಿಗೆ ಬೆಲೆ ಇರುತ್ತದೆ. ಹೊಸ ಕಾಲೇಜಿನಲ್ಲಿ ನ್ಯೂರೋಸರ್ಜರಿ ರೆಸಿಡೆನ್ಸಿಯೇ ಇಲ್ಲದಿದ್ದರೆ ಅಲ್ಲಿನ ವಿದ್ಯಾರ್ಥಿ ಇದನ್ನೆಲ್ಲ ಬೇರೆ ಊರಿಗೆ ಹೋಗಿ, ಒಂದೊಂದು ತಿಂಗಳು ಅಲ್ಲಿ ಕೆಲಸ ಮಾಡಿ ಸಂಪಾದಿಸಬೇಕು. ಇಬ್ಬರ ಅಂಕ ಒಂದೇ ಇರಬಹುದು. ಇಬ್ಬರು ನಡೆದ ದಾರಿ ಒಂದೇ ಅಲ್ಲ.

ಇನ್ನೊಂದು, ಹಳೆಯ ವಿದ್ಯಾರ್ಥಿಗಳಿಂದ ಬಂದ ನಂಬಿಕೆ. ಒಂದು ಕಾಲೇಜಿನಿಂದ ಹೋದ ವರ್ಷ ಬಂದ ಇಂಟರ್ನ್ ಚೆನ್ನಾಗಿ ಕೆಲಸ ಮಾಡಿದರೆ ಈ ವರ್ಷ ಅದೇ ಕಾಲೇಜಿನ ಅರ್ಜಿಯನ್ನು ಪ್ರೋಗ್ರಾಂ ಸ್ವಲ್ಪ ಹೊತ್ತು ಜಾಸ್ತಿ ನೋಡುತ್ತದೆ. ಇದಕ್ಕೆ ರಾಷ್ಟ್ರೀಯ ರ‍್ಯಾಂಕಿಂಗ್ ಬೇಕಾಗಿಲ್ಲ. ಎಲ್ಲೋ ಒಂದು ರಾಜ್ಯದ ಸಾಧಾರಣ ಸರಕಾರಿ ಕಾಲೇಜಿಗೂ ಅದರ ಸುತ್ತಲಿನ ಆಸ್ಪತ್ರೆಗಳಲ್ಲಿ ಹಾರ್ವರ್ಡ್‌ಗಿಂತ ಒಳ್ಳೆಯ ಹೆಸರು ಇರಬಹುದು. ಈ ಊರಿನವರೇ, ಇಲ್ಲೇ ಉಳಿಯುವವರು ಎಂಬ ಭರವಸೆಯೂ ಅದರಲ್ಲಿ ಸೇರಿರುತ್ತದೆ.

ರ‍್ಯಾಂಕಿಂಗ್ ಬಗ್ಗೆ ಒಂದು ಮಾತು. ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿಯನ್ನು ಜನ ವರ್ಷಗಟ್ಟಲೆ ವೇದವಾಕ್ಯದ ಹಾಗೆ ನಂಬಿದ್ದರು. ಸಂಶೋಧನೆಯ ಆ ಪಟ್ಟಿಯಲ್ಲಿ ದೊಡ್ಡ ತೂಕ ಇದ್ದದ್ದು ಕಾಲೇಜಿಗೆ ಬರುವ ಸಂಶೋಧನಾ ಹಣಕ್ಕೆ, ಬೇರೆ ಕಾಲೇಜಿನವರ ಅಭಿಪ್ರಾಯಕ್ಕೆ, ಸೇರುವವರ ಅಂಕಕ್ಕೆ. ರೋಗಿಯ ಪಕ್ಕದಲ್ಲಿ ನಿಲ್ಲಿಸಿ ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. 2023ರ ಜನವರಿಯಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜು ಈ ಪಟ್ಟಿಗೆ ಮಾಹಿತಿ ಕೊಡುವುದನ್ನೇ ನಿಲ್ಲಿಸಿತು. ಸ್ಟಾನ್‌ಫರ್ಡ್, ಕೊಲಂಬಿಯಾ, ಪೆನ್ಸಿಲ್ವೇನಿಯಾ ಹಿಂದೆಯೇ ಬಂದವು. 2024ರಲ್ಲಿ ಪತ್ರಿಕೆಯೇ ಒಂದು, ಎರಡು, ಮೂರು ಎಂದು ಸಾಲು ಹಚ್ಚುವುದನ್ನು ಬಿಟ್ಟು ಗುಂಪುಗಳನ್ನು ಮಾಡಿತು. ಹನ್ನೆರಡನೇ ಸ್ಥಾನದ ಕಾಲೇಜೋ ಇಪ್ಪತ್ತನೇ ಸ್ಥಾನದ್ದೋ ಎಂದು ನಿದ್ದೆಗೆಡುವವರು ಇದನ್ನು ನೆನಪಿಡಬೇಕು.

2022ರಲ್ಲಿ ಏನು ಬದಲಾಯಿತು

ಮೊದಲು ಎಲ್ಲರ ಕಣ್ಣು ಇದ್ದದ್ದು ಸ್ಟೆಪ್ 1ರ ಮೂರಂಕಿಯ ಮೇಲೆ. ವಿದ್ಯಾರ್ಥಿಗಳು ಮೊದಲ ಎರಡು ವರ್ಷ ಕ್ಲಾಸಿಗೂ ಹೋಗದೆ ಆ ಪರೀಕ್ಷೆಗೇ ಓದುತ್ತಿದ್ದರು. ಮಾನಸಿಕ ಒತ್ತಡ ಹೇಳತೀರದು. ಕೊನೆಗೆ 2022ರ ಜನವರಿ 26ರಿಂದ ಸ್ಟೆಪ್ 1ಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ ಬರೀ ಪಾಸ್ ಅಥವಾ ಫೇಲ್ ಎಂದು ಹೇಳುವುದು ಶುರುವಾಯಿತು. ಡಿಓ ಎಂಬ ಇನ್ನೊಂದು ಬಗೆಯ ವೈದ್ಯ ಪದವಿ ಕೊಡುವ ಕಾಲೇಜಿನವರು ಬರೆಯುವ ಕಾಮ್ಲೆಕ್ಸ್ ಪರೀಕ್ಷೆಯ ಮೊದಲ ಹಂತವೂ ಅದೇ ವರ್ಷ ಹಾಗೆಯೇ ಆಯಿತು.

ಉದ್ದೇಶ ಒಳ್ಳೆಯದೇ. ಆದರೆ ಅರ್ಜಿಗಳ ರಾಶಿ ಕಡಿಮೆ ಆಗಲಿಲ್ಲವಲ್ಲ. ಮೂರು ಸಾವಿರ ಅರ್ಜಿ ಇರುವ ತನಕ ಜರಡಿ ಬೇಕೇ ಬೇಕು. ಸ್ಟೆಪ್ 1 ಹೋದ ಜಾಗಕ್ಕೆ ಸ್ಟೆಪ್ 2 ಸಿಕೆ ಬಂದು ಕೂತಿತು. ಒತ್ತಡ ಎರಡನೇ ವರ್ಷದಿಂದ ಮೂರನೇ ವರ್ಷದ ಕೊನೆಗೆ ಜರುಗಿತು, ಅಷ್ಟೇ. ಇದರಲ್ಲಿ ಒಂದು ಹೊಸ ಅಪಾಯವೂ ಇದೆ. ಮೊದಲು ಸ್ಟೆಪ್ 1ರಲ್ಲಿ ಅಂಕ ಕಡಿಮೆ ಬಂದವರು ತಮ್ಮ ಗುರಿ ಬದಲಾಯಿಸಿಕೊಳ್ಳಲು ಅಥವಾ ಸ್ಟೆಪ್ 2ರಲ್ಲಿ ತಿದ್ದಿಕೊಳ್ಳಲು ಸಮಯ ಇರುತ್ತಿತ್ತು. ಈಗ ಅಂಕ ತಿಳಿಯುವುದೇ ಅರ್ಜಿ ಹಾಕುವ ಕೆಲವೇ ವಾರ ಮುಂಚೆ. ಒಂದೇ ಪರೀಕ್ಷೆ, ಒಂದೇ ದಿನ, ಒಂದೇ ಅಂಕ.

ಹೆಸರಿನ ಪ್ರಶ್ನೆ ಮತ್ತೆ ಎದ್ದದ್ದೂ ಇಲ್ಲೇ. ಒಂದು ಪರೀಕ್ಷೆಯ ಅಂಕವೇ ಇಲ್ಲವಾದರೆ ಅರ್ಜಿ ಓದುವವರು ಇನ್ನೇನನ್ನು ನೋಡುತ್ತಾರೆ? ವಾರ್ಡಿನಲ್ಲಿ ಕೊಟ್ಟ ಗ್ರೇಡ್ ನೋಡೋಣ ಅಂದರೆ ಒಂದು ಕಾಲೇಜಿನಲ್ಲಿ ಅರ್ಧ ಕ್ಲಾಸಿಗೆ ಆನರ್ಸ್ ಕೊಟ್ಟಿರುತ್ತಾರೆ. ಇನ್ನೊಂದರಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ. ಕೆಲವು ಕಡೆ ಗ್ರೇಡೇ ಇಲ್ಲ. ಹೋಲಿಸಲು ಬರುವ ಅಳತೆ ಇಲ್ಲದಾಗ ಕಣ್ಣು ಕಾಲೇಜಿನ ಹೆಸರಿನ ಕಡೆ ಹೋಗುವುದು ಸಹಜ. ಸ್ಟೆಪ್ ಅಂಕಕ್ಕೆ ನೂರು ಕೊರತೆ ಇರಬಹುದು. ಆದರೆ ಯಾರಿಗೂ ಗೊತ್ತಿಲ್ಲದ ಕಾಲೇಜಿನಲ್ಲಿ ಓದಿದ ಹುಡುಗನಿಗೆ, ಹಿಂದೆ ಯಾವ ದೊಡ್ಡ ಪ್ರೊಫೆಸರೂ ಇಲ್ಲದ ಹುಡುಗಿಗೆ, ದೊಡ್ಡ ಕಾಲೇಜಿನವರ ಜೊತೆ ಸಮನಾಗಿ ನಿಲ್ಲಲು ಇದ್ದ ಒಂದೇ ಸಾಕ್ಷಿ ಅದು. ಸ್ಟೆಪ್ 2 ಸಿಕೆಯನ್ನೂ ಪಾಸ್, ಫೇಲ್ ಮಾಡಿಬಿಡೋಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಬದಲು ಕೊಡುವುದು ಏನು ಎಂದು ಮೊದಲು ಹೇಳಬೇಕು. ಎಮರ್ಜೆನ್ಸಿ ಮೆಡಿಸಿನ್‌ನವರು ಒಂದು ದಾರಿ ತೋರಿಸಿದ್ದಾರೆ. ಅಲ್ಲಿ ಶಿಫಾರಸು ಪತ್ರಕ್ಕೆ ಎಲ್ಲರಿಗೂ ಒಂದೇ ನಮೂನೆ. ಈ ವಿದ್ಯಾರ್ಥಿ ಉಳಿದವರ ನಡುವೆ ಎಲ್ಲಿ ನಿಲ್ಲುತ್ತಾನೆ ಎಂದು ಬರೆಯಲೇಬೇಕು. ಸುಮ್ನೆ ಹೊಗಳಿ ಕಳಿಸುವಂತಿಲ್ಲ. ಬೇರೆ ಕೆಲವು ವಿಭಾಗಗಳೂ ಇದನ್ನು ಹಿಡಿದಿವೆ.

ಎಲ್ಲಿ ಓದಿದವರಿಗೆ ಎಷ್ಟು

2025ರ ಮ್ಯಾಚ್‌ನಲ್ಲಿ 43,237 ಸೀಟುಗಳಿದ್ದವು. ಅಮೆರಿಕದ ಎಂಡಿ (ಅಲ್ಲಿ ಇದು ನಮ್ಮ ಎಂಬಿಬಿಎಸ್‌ನಂತೆ ಮೊದಲ ವೈದ್ಯ ಪದವಿ) ಕಾಲೇಜುಗಳ ಕೊನೆಯ ವರ್ಷದವರಲ್ಲಿ 93.5%, ಡಿಓ ಕಾಲೇಜಿನವರಲ್ಲಿ 92.6% ಮಂದಿಗೆ ಮೊದಲ ವರ್ಷದ ಸೀಟು ಸಿಕ್ಕಿತು. ಹೊರದೇಶದಲ್ಲಿ, ಹೆಚ್ಚಾಗಿ ಕೆರಿಬಿಯನ್ ದ್ವೀಪಗಳಲ್ಲಿ ಓದಿದ ಅಮೆರಿಕನ್ ಪ್ರಜೆಗಳಲ್ಲಿ 67.8%. ಹೊರದೇಶದಲ್ಲಿ ಓದಿದ ಹೊರದೇಶದವರಲ್ಲಿ, ಅಂದರೆ ನಮ್ಮವರೂ ಸೇರುವ ಗುಂಪಿನಲ್ಲಿ, 58%.

ಈ ಸಂಖ್ಯೆಗಳನ್ನು ಓದುವಾಗ ಎರಡು ಎಚ್ಚರ ಬೇಕು. ಲೆಕ್ಕಕ್ಕೆ ಹಿಡಿಯುವುದು ಕೊನೆಯಲ್ಲಿ ಆದ್ಯತಾ ಪಟ್ಟಿ ಸಲ್ಲಿಸಿದವರನ್ನು ಮಾತ್ರ. ಒಂದು ಸಂದರ್ಶನವೂ ಬಾರದೆ ಅಲ್ಲಿಗೇ ನಿಂತವರು ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಹೊರದೇಶದವರ 58% ಎಂಬುದು ಕಾಣುವುದಕ್ಕಿಂತ ಕಷ್ಟದ ಸಂಖ್ಯೆ. ಇನ್ನೊಂದು, 93.5% ಎಂದರೆ ಎಲ್ಲರಿಗೂ ಬೇಕಾದದ್ದು ಸಿಕ್ಕಿತು ಎಂದಲ್ಲ. ಪಟ್ಟಿಯಲ್ಲಿ ಮೊದಲು ಬರೆದ ಪ್ರೋಗ್ರಾಂ ಸಿಗುವುದು ಎಂಡಿ ವಿದ್ಯಾರ್ಥಿಗಳಲ್ಲೂ ಸುಮಾರು ಅರ್ಧ ಮಂದಿಗೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗುತ್ತದೆ. ಅಮೆರಿಕದ ಕಾಲೇಜು ಒಂದರಲ್ಲಿ ಇದ್ದೀರಿ ಎಂಬುದೇ ದೊಡ್ಡ ಲಾಭ. ಆ ಕಾಲೇಜುಗಳ ಒಳಗೆ ಯಾವುದಕ್ಕೆ ಎಷ್ಟು ಹೆಸರು ಎಂಬುದು ಅದರ ಮುಂದೆ ಚಿಕ್ಕ ಸಂಗತಿ. ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ, ಫ್ಯಾಮಿಲಿ ಮೆಡಿಸಿನ್ ಬೇಕೆನ್ನುವವರಿಗಂತೂ ಆ ಚಿಕ್ಕ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಚರ್ಮರೋಗ, ನ್ಯೂರೋಸರ್ಜರಿ ಅಥವಾ ಅತಿ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆಯೇ ಬೇಕೆನ್ನುವವರಿಗೆ ಮಾತ್ರ ಅದು ಮುಖ್ಯವಾಗುತ್ತದೆ. ಡಿಓ ವಿದ್ಯಾರ್ಥಿಗಳಿಗೆ ಕಾಮ್ಲೆಕ್ಸ್ ಸಾಕು ಎಂದು ನಿಯಮ ಹೇಳುತ್ತದೆ. ಆದರೂ ಬೇಡಿಕೆ ಜಾಸ್ತಿ ಇರುವ ವಿಷಯಕ್ಕೆ ಹೋಗುವವರು ಯುಎಸ್‌ಎಂಎಲ್‌ಇಯನ್ನೂ ಬರೆಯುತ್ತಾರೆ. ಯಾಕೆಂದರೆ ಅಲ್ಲಿನ ಫಿಲ್ಟರ್‌ನಲ್ಲಿ ಇರುವುದು ಆ ಅಂಕ.

ಭಾರತದಿಂದ ಹೋಗುವವರ ಲೆಕ್ಕ ಬೇರೆ. ಏಮ್ಸ್‌ನಂಥ ಒಂದೆರಡು ಹೆಸರು ಬಿಟ್ಟರೆ ನಮ್ಮ ಕಾಲೇಜುಗಳ ನಡುವಿನ ಮೇಲು ಕೀಳು ಅಲ್ಲಿನ ಹೆಚ್ಚಿನ ಪ್ರೋಗ್ರಾಂ ಡೈರೆಕ್ಟರ್‌ಗಳಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ಕಾಲೇಜಿನ ಸೀನಿಯರ್ ಒಬ್ಬರು ಅದೇ ಪ್ರೋಗ್ರಾಂನಲ್ಲಿ ಒಳ್ಳೆಯ ಕೆಲಸ ಮಾಡಿದ್ದರೆ ಆ ಹೆಸರು ಗೊತ್ತಿರುತ್ತದೆ. ಹಾಗಾಗಿ ಇಲ್ಲಿ ಅಂಕವೇ ಮೊದಲ ಮಾತು. ಆದರೆ ಅದೊಂದೇ ಸಾಲದು. ಮೊದಲು, ಹೊರದೇಶದಲ್ಲಿ ಓದಿದ ಡಾಕ್ಟರುಗಳ ಅರ್ಹತೆ ನೋಡುವ ಇಸಿಎಫ್‌ಎಂಜಿ ಸಂಸ್ಥೆಯ ಪ್ರಮಾಣಪತ್ರ ಬೇಕು. ಅದಕ್ಕೆ ಸ್ಟೆಪ್ 1, ಸ್ಟೆಪ್ 2 ಸಿಕೆ ಪಾಸಾಗಬೇಕು, ಇಂಗ್ಲಿಷ್ ಸಂವಹನಕ್ಕಾಗಿ ಓಇಟಿ ಬರೆಯಬೇಕು. ಕಾಲೇಜುಗಳ ಮಾನ್ಯತೆ ಬಗ್ಗೆ ಇದ್ದ ಆತಂಕ 2023ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮನ್ನಣೆ ಸಿಕ್ಕ ಮೇಲೆ ತುಂಬಾ ಕಡಿಮೆಯಾಗಿದೆ. ಆಮೇಲೆ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಅನುಭವ, ಅಲ್ಲಿನ ಡಾಕ್ಟರುಗಳ ಪತ್ರ. ದೂರ ನಿಂತು ನೋಡುವ ಅಬ್ಸರ್ವರ್‌ಶಿಪ್‌ಗಿಂತ ರೋಗಿಯನ್ನು ಮುಟ್ಟಿ ನೋಡುವ ಅವಕಾಶಕ್ಕೆ ಬೆಲೆ ಜಾಸ್ತಿ. ಅದು ಸಿಗುವುದು ಹೆಚ್ಚಾಗಿ ಎಂಬಿಬಿಎಸ್ ಮುಗಿಯುವ ಮುಂಚೆಯೇ. ಕೋರ್ಸ್ ಮುಗಿದು ವರ್ಷ ಕಳೆದ ಹಾಗೆಲ್ಲ ಫಿಲ್ಟರ್‌ಗಳು ಬಿಗಿಯಾಗುತ್ತವೆ. ವೀಸಾ ಇನ್ನೊಂದು ಜರಡಿ. ಕೆಲವು ಪ್ರೋಗ್ರಾಂಗಳು ತರಬೇತಿಗೆ ಬರುವವರ ಜೆ-1 ವೀಸಾ ಮಾತ್ರ ಕೊಡುತ್ತವೆ, ಕೆಲವು ಯಾವುದನ್ನೂ ಕೊಡುವುದಿಲ್ಲ. ಎಚ್-1ಬಿ ಬೇಕಾದರೆ ಸ್ಟೆಪ್ 3 ಮುಂಚೆಯೇ ಮುಗಿದಿರಬೇಕು. 260 ತೆಗೆದವರು ವೀಸಾ ಕೊಡದ ನಲವತ್ತು ಪ್ರೋಗ್ರಾಂಗಳಿಗೆ ಅರ್ಜಿ ಹಾಕಿದರೆ ಅದು ನೀರಿನಲ್ಲಿ ಹೋಮ ಮಾಡಿದ ಹಾಗೆ. ಪ್ರತಿ ಪ್ರೋಗ್ರಾಂನ ಈಗಿನ ರೆಸಿಡೆಂಟ್‌ಗಳ ಪಟ್ಟಿ ತೆರೆದು, ಹೊರದೇಶದಲ್ಲಿ ಓದಿದವರು ಎಷ್ಟು ಮಂದಿ ಇದ್ದಾರೆ ಎಂದು ಒಮ್ಮೆ ನೋಡಿ. ಯಾವ ರ‍್ಯಾಂಕಿಂಗೂ ಹೇಳದ ವಿಷಯ ಅದರಲ್ಲಿ ಸಿಗುತ್ತದೆ.

ಫೇಲ್ ಆದದ್ದು ಮಾತ್ರ ಎಲ್ಲರಿಗೂ ಭಾರ. ಸ್ಟೆಪ್ 1ಕ್ಕೆ ಈಗ ಅಂಕ ಇಲ್ಲ, ಸುಮ್ನೆ ಪಾಸಾದರೆ ಸಾಕು ಎಂದು ಅರೆಬರೆ ತಯಾರಿಯಲ್ಲಿ ಕೂರುವವರಿದ್ದಾರೆ. ಫೇಲಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ‘ಮೊದಲ ಸಲವೇ ಪಾಸ್’ ಎಂಬ ಫಿಲ್ಟರ್ ದಾಟಲು ಆಗುವುದಿಲ್ಲ. ತಯಾರಿ ಸಾಲದು ಅನಿಸಿದರೆ ದಿನಾಂಕ ಮುಂದೆ ಹಾಕುವುದೇ ಮೇಲು.

ಇತ್ತೀಚೆಗೆ ‘ಸಿಗ್ನಲ್’ ಎಂಬ ಹೊಸ ವ್ಯವಸ್ಥೆ ಬಂದಿದೆ. ಮೊದಲು ಶುರು ಮಾಡಿದ್ದು 2020ರಲ್ಲಿ ಇಎನ್‌ಟಿ ವಿಭಾಗ. ಅರ್ಜಿ ಹಾಕುವಾಗಲೇ ‘ನನಗೆ ನಿಮ್ಮಲ್ಲಿ ನಿಜವಾಗಿ ಆಸಕ್ತಿ ಇದೆ’ ಎಂದು ಇಂತಿಷ್ಟು ಪ್ರೋಗ್ರಾಂಗಳಿಗೆ ಮಾತ್ರ ಹೇಳಬಹುದು. ಮೂಳೆ ವಿಭಾಗದಲ್ಲಿ 30, ಇಂಟರ್ನಲ್ ಮೆಡಿಸಿನ್‌ನಲ್ಲಿ ಅತಿ ಹೆಚ್ಚು ಆಸಕ್ತಿಗೆ ‘ಚಿನ್ನದ್ದು’ 3, ಅದಕ್ಕಿಂತ ಕಡಿಮೆ ಆಸಕ್ತಿಗೆ ‘ಬೆಳ್ಳಿಯದ್ದು’ 12. ಹೆಚ್ಚು ಸಿಗ್ನಲ್ ಇರುವ ವಿಷಯಗಳಲ್ಲಿ ಸಿಗ್ನಲ್ ಕಳಿಸದ ಪ್ರೋಗ್ರಾಂನಿಂದ ಕರೆ ಬರುವುದೇ ಅಪರೂಪ. ಎಷ್ಟೇ ಅಂಕ ಇರಲಿ, ಯಾವುದೇ ಕಾಲೇಜು ಇರಲಿ. ನನಗೆ ಇದು ಒಳ್ಳೆಯ ಬೆಳವಣಿಗೆ ಅನಿಸುತ್ತದೆ. ಅರ್ಜಿಯ ರಾಶಿಯನ್ನು ಅಂಕದಿಂದ ಅಲ್ಲದೆ ಆಸಕ್ತಿಯಿಂದ ಕಡಿಮೆ ಮಾಡುವ ದಾರಿ ಇದೊಂದೇ ಈಗ ಕಾಣುತ್ತಿರುವುದು.

ಸಂದರ್ಶನ ಆದ ಮೇಲೆ

ಸಂದರ್ಶನಕ್ಕೆ ಕರೆ ಬಂತು ಅಂದರೆ ಅಂಕವೂ ಹೆಸರೂ ತಮ್ಮ ದೊಡ್ಡ ಕೆಲಸ ಮುಗಿಸಿದವು ಎಂದೇ ತಿಳಿಯಿರಿ. ಈಗ ಎದುರು ಕೂತವರು ಯೋಚಿಸುವುದು ಬೇರೆ. ರಾತ್ರಿ ಎರಡು ಗಂಟೆಗೆ ಈ ಹುಡುಗನ ಜೊತೆ ಕೆಲಸ ಮಾಡಬಹುದಾ? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾನಾ? ನರ್ಸ್ ಜೊತೆ, ಆಫೀಸಿನವರ ಜೊತೆ ಹೇಗೆ ಮಾತಾಡಿದ? ಅಂಕ ಪೂರ್ತಿ ಮರೆಯಾಗುವುದಿಲ್ಲ, ಆದರೆ ಅದೊಂದರಿಂದಲೇ ಪಟ್ಟಿಯಲ್ಲಿ ಮೇಲೇರುವುದು ಕಷ್ಟ.

ಕೊನೆಯದು ಕಂಪ್ಯೂಟರ್. ಇದರಲ್ಲಿ ಅಂಕವೂ ಇಲ್ಲ, ಕಾಲೇಜೂ ಇಲ್ಲ. ಎರಡೂ ಕಡೆಯವರು ಕೊಟ್ಟ ಆದ್ಯತಾ ಪಟ್ಟಿ ಮಾತ್ರ. ಈಗಿನ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಆಲ್ವಿನ್ ರಾತ್ ಒಬ್ಬರು. ಇಂಥ ಹೊಂದಾಣಿಕೆಗಳ ಕೆಲಸಕ್ಕೇ 2012ರಲ್ಲಿ ಅವರಿಗೂ ಲಾಯ್ಡ್ ಶಾಪ್ಲಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದು ನಡೆಯುವ ರೀತಿಯನ್ನು ಒಂದು ಚಿಕ್ಕ ಉದಾಹರಣೆಯಲ್ಲಿ ನೋಡೋಣ. ಎರಡು ಆಸ್ಪತ್ರೆ, ದೊಡ್ಡದು ಮತ್ತು ಚಿಕ್ಕದು. ಎರಡರಲ್ಲೂ ಒಂದೊಂದೇ ಸೀಟು. ಮೂವರು ಅಭ್ಯರ್ಥಿಗಳು: ಕ, ಖ, ಗ. ಕ ಮತ್ತು ಖ ಇಬ್ಬರೂ ಮೊದಲು ದೊಡ್ಡದು, ಆಮೇಲೆ ಚಿಕ್ಕದು ಎಂದು ಬರೆದಿದ್ದಾರೆ. ಗ ಚಿಕ್ಕದನ್ನು ಮಾತ್ರ ಬರೆದಿದ್ದಾನೆ. ದೊಡ್ಡ ಆಸ್ಪತ್ರೆಯ ಪಟ್ಟಿಯಲ್ಲಿ ಖ ಮೊದಲು, ಕ ಎರಡನೆಯದು. ಚಿಕ್ಕದರ ಪಟ್ಟಿಯಲ್ಲಿ ಕ ಮೊದಲು, ಆಮೇಲೆ ಗ. ಕಂಪ್ಯೂಟರ್ ಮೊದಲು ಕ ಅನ್ನು ದೊಡ್ಡ ಆಸ್ಪತ್ರೆಯಲ್ಲಿ ತಾತ್ಕಾಲಿಕವಾಗಿ ಕೂರಿಸುತ್ತದೆ. ಖ ಬಂದಾಗ ಆ ಆಸ್ಪತ್ರೆಗೆ ಖ ಹೆಚ್ಚು ಬೇಕಾದವನು, ಹಾಗಾಗಿ ಕ ಎದ್ದು ಹೋಗಬೇಕು. ಗ ಅಷ್ಟರಲ್ಲಿ ಚಿಕ್ಕ ಆಸ್ಪತ್ರೆಯಲ್ಲಿ ಕೂತಿದ್ದಾನೆ ಎಂದುಕೊಳ್ಳಿ. ಕ ಅಲ್ಲಿಗೆ ಬರುತ್ತಾನೆ. ಚಿಕ್ಕ ಆಸ್ಪತ್ರೆಗೆ ಗ ಗಿಂತ ಕ ಬೇಕು. ಗ ಏಳುತ್ತಾನೆ, ಕ ಕೂರುತ್ತಾನೆ. ಚಿಕ್ಕದನ್ನು ಎರಡನೆಯದಾಗಿ ಬರೆದ ಕ ಗೆ ಅದರಿಂದ ಒಂದು ಚೂರೂ ನಷ್ಟ ಆಗಲಿಲ್ಲ ಅಲ್ವಾ? ಅದೇ ಮೊದಲು ಎಂದು ಬರೆದ ಗ ಗೆ ಲಾಭವೂ ಆಗಲಿಲ್ಲ.

‘ನನ್ನ ಅಂಕಕ್ಕೆ ಅಷ್ಟು ದೊಡ್ಡ ಪ್ರೋಗ್ರಾಂ ಸಿಗುವುದಿಲ್ಲ, ಅದನ್ನು ಮೇಲೆ ಹಾಕಿದರೆ ಕೆಳಗಿನದೂ ಕೈತಪ್ಪುತ್ತದೆ’ ಎಂದು ಹೆದರಿ ಪಟ್ಟಿಯನ್ನು ತಿರುಗಿಸಿ ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಅಷ್ಟು ಕಷ್ಟಪಟ್ಟು ಓದಿ, ಸಂದರ್ಶನ ಮುಗಿಸಿ, ಕೊನೆಯ ಹೆಜ್ಜೆಯಲ್ಲಿ ತಮಗೆ ತಾವೇ ಕೆಟ್ಟದ್ದು ಮಾಡಿಕೊಳ್ಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಿಜವಾಗಿ ಯಾವುದು ಬೇಕೋ ಅದನ್ನೇ ಮೊದಲು ಬರೆಯಬೇಕು. ಪಟ್ಟಿ ಆದಷ್ಟು ಉದ್ದ ಇರಬೇಕು. ಆದರೆ ಸಿಕ್ಕರೂ ಹೋಗಲು ಮನಸ್ಸಿಲ್ಲದ ಪ್ರೋಗ್ರಾಂ ಅದರಲ್ಲಿ ಇರಬಾರದು, ಯಾಕೆಂದರೆ ಮ್ಯಾಚ್ ಆದದ್ದಕ್ಕೆ ಎರಡೂ ಕಡೆಯವರು ಬದ್ಧರು. ಏನೂ ಸಿಗಲಿಲ್ಲ ಎಂದು ಸೋಮವಾರ ತಿಳಿದವರಿಗೆ ಅದೇ ವಾರ ಸೋಪ್ ಎಂಬ ಸುತ್ತು ಇದೆ. ತುಂಬದೆ ಉಳಿದ ಸೀಟುಗಳ ಪಟ್ಟಿ ಅವತ್ತೇ ಕೈಗೆ ಬರುತ್ತದೆ, ಗುರುವಾರದ ಹೊತ್ತಿಗೆ ಹೆಚ್ಚಿನವು ತುಂಬಿಹೋಗುತ್ತವೆ. ಅದಕ್ಕೆ ಬೇಕಾಗುವ ಪತ್ರಗಳನ್ನು, ಬೇರೆ ವಿಷಯಕ್ಕೆ ಹೊಂದುವ ಇನ್ನೊಂದು ವೈಯಕ್ತಿಕ ಬರಹವನ್ನು ಫೆಬ್ರವರಿಯಲ್ಲೇ ಸಿದ್ಧ ಮಾಡಿಟ್ಟುಕೊಳ್ಳುವುದು ಒಳ್ಳೆಯದು.